ಸದ್ದಿಲ್ಲದವರ ಮೆಟ್ಟಿಲು

ಹಾಳುಬಾವಿಯ ಗಲಾಟೆಗೆ ಬೇಸತ್ತ ಕಪ್ಪೆಗಳ ಯಜಮಾನ ಒಂದು ನಿಯಮ ಮಾಡಿದ: ವಟಗುಟ್ಟಿದವರಿಗೆ ಉಪವಾಸ, ಹುಣ್ಣಿಮೆಯವರೆಗೆ ಸುಮ್ಮನಿದ್ದವರಿಗೆ ಸೊಳ್ಳೆ ಹೆಚ್ಚಿರುವ ಮೆಟ್ಟಿಲು. ಬಾವಿ ತಣ್ಣಗಾಯಿತು.

ಹುಣ್ಣಿಮೆಯ ಹಿಂದಿನ ದಿನ ನೀರುಹಾವೊಂದು ಒಳಗಿಳಿಯಿತು. ಎಲ್ಲರೂ ನೋಡಿದರು. ಕೈಗೆ ಬಂದ ಮೆಟ್ಟಿಲನ್ನು ಬಿಡಲು ಮನಸ್ಸಾಗದೆ ಬಾಯಿ ಬಿಗಿದು ಕುಳಿತರು. ಎರಡು ಕಪ್ಪೆಗಳು ಹಾವಿನ ಹೊಟ್ಟೆ ಸೇರಿದ ಮೇಲೆ ಮುದುಕಿ ತಿಪ್ಪಕ್ಕ ತಡೆಯಲಾರದೆ, "ಯಜಮಾನರೇ, ಹಾವು ನಮ್ಮವರನ್ನು ನುಂಗುತ್ತಿದೆ" ಎಂದಳು.

ಯಜಮಾನ ತಿರುಗಿ ನೋಡಿದ. "ತಿಪ್ಪಕ್ಕ, ನಿನಗೆ ಇವತ್ತು ಉಪವಾಸ. ಆ ಹೊಸಬನನ್ನು ನೋಡಿ ಕಲಿ. ಅಷ್ಟಗಲ ಬಾಯಿ ತೆರೆದರೂ ಒಂದು ಸದ್ದಿಲ್ಲ."

ಮರುದಿನ ಎಲ್ಲರಿಗಿಂತ ಸದ್ದಿಲ್ಲದವನೆಂದು ಮೆಟ್ಟಿಲು ಹಾವಿಗೆ ಹೋಯಿತು. ಯಾರಿಗಾದರೂ ಆಕ್ಷೇಪವಿದೆಯೇ ಎಂದು ಯಜಮಾನ ಕೇಳಿದ. ತಿಪ್ಪಕ್ಕನೂ ಸೇರಿ ಉಳಿದವರೆಲ್ಲ ಮುಂದಿನ ಹುಣ್ಣಿಮೆಯನ್ನು ನೆನೆದು ಸುಮ್ಮನಿದ್ದರು.