ಕಣದ ಬಾಗಿಲಿಗೊಂದು ಅಗುಳಿ

ಕಾಳಗದಲ್ಲಿ ಸೋಲೇ ಕಾಣದ ಟಗರು ಊರಿನ ಪ್ರಾಣಿಗಳನ್ನೆಲ್ಲ ಸೇರಿಸಿ, "ನನಗೊಂದು ಹೊಸ ಕಣ ಕಟ್ಟಿಕೊಡಿ. ಇಲ್ಲವಾದರೆ ಪಕ್ಕದ ಊರಿಗೆ ಹೋಗುತ್ತೇನೆ" ಎಂದಿತು. ಊರಿನ ಹೆಮ್ಮೆ ಕೈತಪ್ಪೀತೆಂದು ಹೆದರಿ ಎತ್ತು ಕಲ್ಲು ಎಳೆಯಲು ಒಪ್ಪಿತು, ಕತ್ತೆ ಮಣ್ಣು ಹೊರಲು ಒಪ್ಪಿತು.

ಹೇಂಟೆ ಮಾತ್ರ ಕೇಳಿತು: "ಟಗರಣ್ಣ, ಕಾಳಗವಿಲ್ಲದ ದಿನ ನನ್ನ ಮರಿಗಳು ಅಲ್ಲಿ ಮಣ್ಣು ಕೆದಕಬಹುದೇ?"

"ಎಲ್ಲಾದರೂ ಉಂಟೇ? ಬಾಗಿಲಿಗೆ ಅಗುಳಿ ಹಾಕಿಸುತ್ತೇನೆ."

"ಆಗಲಿ. ಕಲ್ಲು ನಮ್ಮದು, ಮಣ್ಣು ನಮ್ಮದು. ಅಗುಳಿಯಾದರೂ ನಿನ್ನದಿರಲಿ. ಒಂದು ಕೊಂಬು ಕೊಡು, ಗಟ್ಟಿಯಾಗಿರುತ್ತದೆ."

ಟಗರು ನಕ್ಕುಬಿಟ್ಟಿತು.

ಕಣ ಭರ್ಜರಿಯಾಗಿಯೇ ಎದ್ದಿತು. ಕಾಳಗದ ದಿನ ಅಲ್ಲಿ ಎಲ್ಲರಿಗಿಂತ ಜೋರಾಗಿ ಕೂಗುವುದು ಆ ಹೇಂಟೆಯೇ. ಟಗರಿಗೆ ಇಂದಿಗೂ ಎರಡು ಕೊಂಬಿವೆ, ಬಾಗಿಲಿಗೆ ಅಗುಳಿಯಿಲ್ಲ.