ಅರಿಶಿನ ಹಚ್ಚದ ರವಿಕೆ

ಯಾವುದೋ ಕಾಲದಲ್ಲಿ, ಯಾವುದೋ ಸೀಮೇಲಿ ಒಂದೂರಿತ್ತಂತೆ. ಎಲ್ಲಿತ್ತು ಅಂತ ಕೇಳ್ಬೇಡಿ, ನನಗೆ ಹೇಳಿದೋಳಿಗೂ ಗೊತ್ತಿರ್ಲಿಲ್ಲ. ಆ ಊರಲ್ಲಿ ದುಂಡವ್ವ ಅಂತ ಗಂಡ ಸತ್ತ ಹೆಂಗಸೊಬ್ಬಳು. ಕೆಂಪಾಜಿ ಅಂತ ಅವಳಿಗೆ ಒಬ್ಬಳೇ ಮಗಳು. ಸೂಜಿ ಹಿಡಿದ್ರೆ ದುಂಡವ್ವನ ಕೈಗೆ ಸಾಟಿ ಇರ್ಲಿಲ್ವಂತೆ. ಏನು ಬಂತು, ಹೊಲಿಯೋಕೆ ಬಟ್ಟೆ ಬೇಕಲ್ಲ.

ಕೆಂಪಾಜಿಯನ್ನ ನೋಡೋಕೆ ಬಂದ ಇಬ್ಬರು, ಮನೆ ಬಡತನ ನೋಡಿ ಎಲೆ ಅಡಿಕೆ ಮುಟ್ಟದೆ ಎದ್ದುಹೋಗಿದ್ರು. ಮೂರನೆಯವನು ಒಪ್ಪಿದ. ಆ ಊರಲ್ಲಿ ವೀಳ್ಯದ ಶಾಸ್ತ್ರಕ್ಕೆ ಕೂರೋ ಹೆಣ್ಣು ಕೆಂಪು ಜರಿ ರವಿಕೆ ತೊಡ್ಬೇಕಂತೆ. ಅದು ಸಿಗೋದು ಪೇಟೆಯ ಒಂದೇ ಅಂಗಡೀಲಿ. ಗಂಡಿನ ತಾಯಿ ಸೆರಗನ್ನ ಬಿಗಿಯಾಗಿ ಹೊದ್ಕೊಂಡು, ಎರಡು ಮಾತಿಗೊಂದ್ಸಲ ನಿಂತು ಉಸಿರು ತಗೊಂಡು ಮಾತಾಡೋಳು. ಕೊಂಡದ್ದೇ ಆಗ್ಬೇಕು, ಅದರ ಹಂಗೆ ಹೊಲಿದದ್ದು ಬೇಡವೇ ಬೇಡ ಅಂತ ಮೂರು ಸಲ ಹೇಳಿ ಹೋದ್ಲಂತೆ. ಎಂಥ ಜಂಬ ನೋಡು ಈಯಮ್ಮನಿಗೆ ಅಂದ್ಕೊಂಡ್ಲು ದುಂಡವ್ವ.

ಅಂಗಡಿಗೆ ಹೋಗಿ ಬೆಲೆ ಕೇಳಿದ್ರೆ, ಇದ್ದೊಂದು ಹಸು ಮಾರಿದ್ರೂ ಸಾಲದು, ಕೊಟ್ಟಿಗೆ ಮಾರಿದ್ರೂ ಸಾಲದು. ದುಂಡವ್ವ ನಿಂತ್ಕೊಂಡು ಕಣ್ಣಲ್ಲೇ ಅಳೆದ್ಲು. ಕುತ್ತಿಗೆ ಎಷ್ಟು ಇಳಿದಿದೆ, ತೋಳಿಗೆ ಎಷ್ಟು ಹೂವು, ಅಂಚು ಎಲ್ಲಿ ಮಡಚಿದೆ, ಎಲ್ಲಾ ಮನಸ್ಸಲ್ಲಿಟ್ಕೊಂಡ್ಲು. ಅಂಗಡಿಯವನು ಒಣಕಲು ಆಳು, ಕಣ್ಣು ಮಿಟುಕಿಸ್ತಾನೇ ಇರ್ಲಿಲ್ವಂತೆ. ಅವಳು ಮೆಟ್ಟಿಲಿಳಿಯೋವಾಗ ಮೆಲ್ಲಗೆ ಅಂದ, "ನೋಡಿ ಹೊಲ್ಕೋ ತಾಯಿ, ಬೇಡ ಅನ್ನಲ್ಲ. ಆದ್ರೆ ನನ್ನ ಅಂಗಡೀದು ಅಂತ ಮೂರು ಸಲ ಅಂದ್ರೆ, ಅದು ನನ್ನದೇ. ತೊಟ್ಟೋರು ಸಮೇತ."

ದುಂಡವ್ವ ಒಂದ್ಸಲ ತಿರುಗಿ ನೋಡಿದ್ಲು. ಆದ್ರೂ ಮಗಳ ಮದುವೆ ಮುಂದೆ ಅದೆಲ್ಲ ಕಿವಿಗೆ ಹೋಗುತ್ತಾ? ಒಂದು ದಿನ ಕೂತು ತನ್ನ ಕೆಂಪು ಧಾರೆ ಸೀರೆ ಕುಯ್ದ್ಲು. ಎರಡು ದಿನ ಕೂತು ಹೊಲಿದ್ಲು. ಮೂರು ದಿನ ಕೂತು ಹೂವು ತುಂಬಿದ್ಲು. ಅಂಗಡಿ ರವಿಕೆ ಪಕ್ಕ ಇಟ್ರೆ ಯಾವುದು ಯಾವುದು ಅಂತ ಗೊತ್ತಾಗ್ತಿರ್ಲಿಲ್ವಂತೆ.

ಹೊಸ ಬಟ್ಟೆ ತೊಡೋ ಮುಂಚೆ ಅಂಚಿಗೆ ಚೂರು ಅರಿಶಿನ ಹಚ್ತೀವಲ್ಲ, ಇದು ಈ ಮನೇದು ಅಂತ? ಕೆಂಪಾಜಿ ಅರಿಶಿನದ ಬಟ್ಟಲು ತಂದ್ಲು. ದುಂಡವ್ವ ಕೈ ತಳ್ಳಿಬಿಟ್ಲು. ಅರಿಶಿನ ಕಂಡ್ರೆ ಮನೇಲಿ ಹೊಲಿದದ್ದು ಅಂತ ಗೊತ್ತಾಗಿಬಿಡುತ್ತೆ ಅನ್ನೋ ಭಯ. ಅಲ್ಲೇ ಕಣ್ರಪ್ಪ ಅವಳು ಕೆಟ್ಟಿದ್ದು.

ಶಾಸ್ತ್ರದ ದಿನ ನೆಂಟರೆಲ್ಲ ಕೂಡಿದ್ರು. ಪಕ್ಕದ ಮನೆಯವಳು ರವಿಕೆ ಎಲ್ಲೀದು ಅಂತ ಕೇಳಿದ್ಲು. ಪೇಟೆ ಅಂಗಡೀದು ಅಂದ್ಲು ದುಂಡವ್ವ. ಕೆಂಪಾಜಿ ಮೈಮೇಲೆ ಹೊಲಿಗೆ ಒಂದು ಬೆರಳು ಬಿಗೀತು. ಗಂಡಿನ ಸೋದರತ್ತೆ ಕೇಳಿದ್ಲು. ಅಂಗಡೀದು ಅಂದ್ಲು. ಎರಡು ಬೆರಳು ಬಿಗೀತು. ಅವ್ವಾ, ಉಸಿರು ಕಟ್ತಾ ಇದೆ ಅಂತ ಕೆಂಪಾಜಿ ಪಿಸುಗುಟ್ಟಿದ್ರೆ, ನಾಚಿಕೆಗೆ ಹಂಗಾಗುತ್ತೆ ಸುಮ್ನಿರು ಅಂದ್ಲಂತೆ ಪುಣ್ಯಾತಗಿತ್ತಿ.

ಆಮೇಲೆ ಗಂಡಿನ ತಾಯಿ ಬಂದ್ಲು. ರವಿಕೆ ತೋಳು ಮುಟ್ಟಿ, ಅಂಚು ತಿರುವಿ ನೋಡಿದ್ಲು.

"ಬೀಗ್ರೇ, ನಿಜ ಹೇಳಿ. ಇದು... ಕೊಂಡದ್ದಾ?"

"ಅಂಗಡೀದೇ ಬೀಗ್ರೇ."

ಕೆಂಪಾಜಿ ಕೂತಲ್ಲೇ ವಾಲಿದ್ಲು. ತುಟಿ ನೀಲಿಯಾಯ್ತು. ಮಟಮಟ ಮಧ್ಯಾಹ್ನ, ಬಾಗಿಲಲ್ಲಿ ಆ ಒಣಕಲು ಆಳು ಗಜಕೋಲು ಹಿಡ್ಕೊಂಡು ನಿಂತಿದ್ದ. ಅಂಗಳದ ತುಂಬ ರಂಗೋಲಿ ಇತ್ತು. ಅದನ್ನ ತುಳ್ಕೊಂಡೇ ಒಳಗೆ ಬಂದ, ಒಂದು ಎಳೆಯೂ ಕದಡಲಿಲ್ಲ. ಯಾರಿಗೂ ಏಳೋಕಾಗ್ಲಿಲ್ಲ.

"ನನ್ನ ಮಾಲು ಒಯ್ಯೋಕೆ ಬಂದೆ" ಅಂದನಂತೆ.

ದುಂಡವ್ವ ಕತ್ತರಿ ಹಾಕಿದ್ರೆ ಕತ್ತರಿ ಮುರೀತು. ಬಿಚ್ಚೋಕೆ ಹೋದ್ರೆ ಉಗುರು ಕಿತ್ತುಬಂತು. ನಿಜ ಹೇಳಿದ್ರೆ ಸಂಬಂಧ ಮುರಿಯುತ್ತೆ. ಹೇಳದಿದ್ರೆ ಮಗಳು ಹೋಗ್ತಾಳೆ. ಅವಳು ಮಗಳ ಮುಖ ನೋಡಿದ್ಲು, ಅಷ್ಟೇ.

"ಇದು ನಾನು ಹೊಲಿದದ್ದು" ಅಂದ್ಲು, ಎಲ್ಲರಿಗೂ ಕೇಳೋ ಹಂಗೆ. "ಕೊಳ್ಳೋಕೆ ಗತಿ ಇರ್ಲಿಲ್ಲ. ನನ್ನ ಧಾರೆ ಸೀರೆ ಕುಯ್ದು ಹೊಲಿದೆ. ನಾನು ಸುಳ್ಳು ಹೇಳಿದೆ."

"ಗುರುತೆಲ್ಲಿ?" ಅಂದ ಅವನು.

ದುಂಡವ್ವ ವೀಳ್ಯದ ತಟ್ಟೆಯಿಂದ ಅರಿಶಿನ ಬಾಚ್ಕೊಂಡು ರವಿಕೆ ಅಂಚಿಗೆ ಬಳಿದ್ಲು. ಹೊಲಿಗೆ ಪಟಪಟ ಸಡಿಲಾಯ್ತು. ಕೆಂಪಾಜಿ ಉಸಿರೆಳ್ಕೊಂಡು ಅವ್ವಾ ಅಂತ ಅತ್ತಳು.

ಆದ್ರೆ ಅವನು ಹೋಗ್ಲಿಲ್ಲ. ಮೆಲ್ಲಗೆ ಗಂಡಿನ ತಾಯಿ ಕಡೆ ತಿರುಗಿ, ಅವಳನ್ನೇ ನೋಡ್ತಾ ನಿಂತ.

ಆಯಮ್ಮ ಸೆರಗು ಸರಿಸಿದ್ಲು. ಒಳಗೆ ಅಂಥದ್ದೇ ಕೆಂಪು ರವಿಕೆ, ಬಣ್ಣ ಮಾಸಿ ಮೈಗೆ ಕಚ್ಕೊಂಡಿತ್ತು.

"ನನ್ನದೂ... ಹೊಲಿದದ್ದೇ" ಅಂದ್ಲು. "ನನ್ನ ಶಾಸ್ತ್ರದಲ್ಲಿ... ಅಂಗಡೀದು ಅಂತ ಎರಡು ಸಲ ಅಂದು... ಬಾಯಿ ಮುಚ್ಕೊಂಡೆ. ಇಪ್ಪತ್ತೈದು ವರ್ಷ... ಬಿಚ್ಚೋಕಾಗಿಲ್ಲ. ಹೇಳೋಕೆ... ನಾಚಿಕೆ. ಬೀಗ್ರೇ... ಇತ್ಲಾಗೆ ಒಂಚೂರು ಅರಿಶಿನ."

ದುಂಡವ್ವ ಎರಡು ಕೈಯಲ್ಲೂ ಬಳಿದ್ಲಂತೆ. ತಿರುಗಿ ನೋಡಿದ್ರೆ ಅವನು ಒಳಗೂ ಇಲ್ಲ, ಬಾಗಿಲಲ್ಲೂ ಇಲ್ಲ. ಗಂಡಿನ ತಾಯಿ ಎದೆ ತುಂಬ ಉಸಿರು ತಗೊಂಡು, ಎಲ್ಲೂ ನಿಲ್ಲಿಸದೆ ಒಂದೇ ಸಲಕ್ಕೆ ಅಂದ್ಲಂತೆ, "ಎಲೆ ಅಡಿಕೆ ತನ್ನಿ, ಹುಡುಗಿ ನಮ್ಮನೆಯೋಳು, ಧಾರೆಗೆ ರವಿಕೆ ನಾವಿಬ್ಬರೇ ಕೂತು ಹೊಲಿಯೋಣ."

ಅವರು ಅಲ್ಲಿ ಅರಿಶಿನ ಹಚ್ಕೊಂಡು ಸುಖವಾಗವ್ರೆ, ನಾವಿಲ್ಲಿ ತೇಪೆ ಹಾಕ್ಕೊಂಡು ಬೆಚ್ಚಗಿದೀವಿ.