ತಿಪ್ಪಣ್ಣನ ಹೆಸರಿದ್ದ ಹಲಗೆ

ಹಿಂದಕ್ಕೆ, ನಮ್ಮ ಮುತ್ತಜ್ಜನ ಮುತ್ತಜ್ಜ ತೊಟ್ಟಿಲಲ್ಲಿ ಇದ್ದನೋ ಇಲ್ಲವೋ, ಹೊಳೆದಂಡೆಯ ಒಂದು ಊರಲ್ಲಿ ಮಾನಪ್ಪ ಅಂತ ಒಬ್ಬ ಬಡಿಗ ಇದ್ದನಂತೆ. ಆ ಊರಿಗೆ ಕುಸ್ತಿಯ ಹುಚ್ಚು. ಕಣಕ್ಕಿಳಿಯುವವರ ಹೆಸರನ್ನು ಹಲಗೆಯ ಮೇಲೆ ಕೊರೆಸಿ, ಬಂಡಿಗೆ ಕಟ್ಟಿ, ಸುತ್ತಲಿನ ಊರಿಗೆಲ್ಲ ಡಂಗುರ ಸಾರುತ್ತಿದ್ದರಂತೆ. ಕೊರೆಯುವವನು ಮಾನಪ್ಪ.

ನಮ್ಮ ಅಕ್ಷರ ನಿಮಗೆ ಗೊತ್ತಲ್ಲ, ಎಲ್ಲ ದುಂಡು ದುಂಡು. ಮಾನಪ್ಪ ದುಂಡಗೆ ಕೊರೆಯುತ್ತಿರಲಿಲ್ಲವಂತೆ. ದಪ್ಪ ಉಳಿ ಇಟ್ಟು ಏಟು ಹಾಕಿದರೆ ಗೆರೆ ನೆಟ್ಟಗೆ ಹೋಗಿ, ಮೂಲೆಯಲ್ಲಿ ಗಕ್ಕನೆ ತಿರುಗಿ, ತೊಡೆ ತಟ್ಟಿದ ಪೈಲ್ವಾನನ ಹಾಗೆ ಮುಂದಕ್ಕೆ ವಾಲಿ ನಿಲ್ಲುತ್ತಿತ್ತಂತೆ. ಓದಲು ಬಾರದವರೂ ನೋಡಿ ಹಿಂದೆ ಸರಿಯುತ್ತಿದ್ದರಂತೆ. ಹಲಗೆ ಕಂಡೇ ಎಷ್ಟೋ ಜನ ಲಂಗೋಟಿ ಬಿಚ್ಚಿಟ್ಟು ಮನೆ ಸೇರಿದರಂತೆ. ಖರೆಯೋ ಸುಳ್ಳೋ, ನಾನು ಕಂಡವನಲ್ಲ.

ಮಾನಪ್ಪನಿಗೆ ಒಬ್ಬನೇ ತಮ್ಮ, ತಿಪ್ಪಣ್ಣ. ತಂದೆ ತಾಯಿ ಹೋದಮೇಲೆ ಅಣ್ಣನೇ ಸಾಕಿದ್ದ. ತಿಪ್ಪಣ್ಣ ಗರಡಿಗೆ ಹೋಗಲು ಶುರುಮಾಡಿ ವರ್ಷ ತುಂಬಿರಲಿಲ್ಲ. ಮೊದಲ ಸಲ ಕಣಕ್ಕಿಳಿಯುವಾಗ, ನನ್ನ ಹೆಸರನ್ನು ಹಲಗೆಯ ತುದಿಯಲ್ಲಿ ಸಣ್ಣಗೆ ಕೊರೆ ಅಂದನಂತೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಸಾಕಿದವನಿಗೂ ಅಷ್ಟೇ. ಮಾನಪ್ಪ ಎಲ್ಲರಿಗಿಂತ ಮೇಲೆ, ಎಲ್ಲರಿಗಿಂತ ದೊಡ್ಡದಾಗಿ, ಬೆರಳು ಮುಳುಗುವಷ್ಟು ಆಳಕ್ಕೆ ತಮ್ಮನ ಹೆಸರು ಕೊರೆದನಂತೆ. ಆಗೆಲ್ಲ ಜೋಡಿ ಕಟ್ಟುತ್ತಿದ್ದುದು ಹಲಗೆ ನೋಡಿ. ದೊಡ್ಡ ಹೆಸರಿಗೆ ದೊಡ್ಡ ಪೈಲ್ವಾನ. ಪ್ರೀತಿಯ ಭರದಲ್ಲಿ ಆ ಪುಣ್ಯಾತ್ಮನಿಗೆ ಅದೇ ಮರೆತುಹೋಯಿತು.

ಹೊಳೆಯಾಚೆಯಿಂದ ಒಬ್ಬ ಜಟ್ಟಿ ಬಂದನಂತೆ. ಅವನಿಗೆ ಸರಿಜೋಡಿ ಎಲ್ಲೂ ಸಿಕ್ಕಿರಲಿಲ್ಲವಂತೆ. ದೊಡ್ಡ ಅಕ್ಷರದ ಮೇಲೆ ಕೈಯಾಡಿಸಿ, ಇವನ ಸಂಗಡ ಹಿಡಿಯುತ್ತೇನೆ ಅಂದನಂತೆ. ಅವನ ತೋಳು ಕಂಡು ತಿಪ್ಪಣ್ಣ ಅಣ್ಣನ ಹತ್ತಿರ ಓಡಿಬಂದ.

"ಅಣ್ಣಾ, ನನ್ನ ಹೆಸರು ಕೀಸಿ ತಗದಬಿಡು," ಅಂದ.

"ಸುಮ್ನಿರೋ. ನನ್ನ ಅಕ್ಷರಕ್ಕ ಹೆದರದವ್ರು ಯಾರದಾರ? ಮುಂಜಾನಿ ಅನ್ನೂದ್ರಾಗ ಓಡಿಹೋಗಿರ್ತಾನ," ಅಂದನಂತೆ ಮಾನಪ್ಪ.

ಜಟ್ಟಿ ಓಡಲಿಲ್ಲ. ಮೊದಲ ಪಟ್ಟಿಗೇ ತಿಪ್ಪಣ್ಣನ ಕತ್ತು ಮುರಿಯಿತು. ಹೆಣದ ಪಕ್ಕ ಕೂತು ಜಟ್ಟಿಯೇ ಎದೆ ಬಡಿದುಕೊಂಡನಂತೆ. ಮೈ ಎಳೆಯದು ಅಂತ ಕಣ್ಣಿಗೆ ಕಂಡಿತ್ತು, ಆದರೆ ಅಂಥಾ ಹೆಸರಿನವನು ಒಳಗೆ ಏನು ಇಟ್ಟುಕೊಂಡಿದ್ದಾನೋ ಅಂತ ಹೆದರಿ ಇದ್ದಬದ್ದ ಬಲವೆಲ್ಲ ಹಾಕಿದೆ ಅಂತ ಅತ್ತನಂತೆ.

ಮಾನಪ್ಪ ಅಳಲಿಲ್ಲವಂತೆ. ಹಲಗೆ ಇಳಿಸಿ ಹೆಸರು ಕೀಸಲು ಕೂತನಂತೆ. ಕೀಸಿದಷ್ಟೂ ಹೆಸರು ಕಾಣುತ್ತಿತ್ತಂತೆ. ಅಷ್ಟು ಆಳಕ್ಕೆ ಕೊರೆದವನು ಅವನೇ ಅಲ್ಲವೇ? ಅನ್ನ ನೀರು ಬಿಟ್ಟು ಕೀಸಿದ, ಉಗುರು ಕಿತ್ತುಬಂದರೂ ಕೀಸಿದ, ಕೊನೆಗೆ ಹೆಸರಿದ್ದಲ್ಲಿ ಹಲಗೆ ತೂತಾಯಿತು. ಉಳಿಯನ್ನು ಹೊಳೆಗೆ ಎಸೆದು ಬರುತ್ತೇನೆ ಅಂತ ಹೋದವನು ತಿರುಗಿ ಬರಲಿಲ್ಲವಂತೆ. ನನಗೆ ಅವನ ಮೇಲೆ ಸಿಟ್ಟೂ ಬರುತ್ತದೆ, ಕರುಳೂ ಚುರ್ ಅನ್ನುತ್ತದೆ.

ಆ ಊರ ಗರಡಿಯಲ್ಲಿ ತೂತಿನ ಹಲಗೆ ಇನ್ನೂ ಇದೆಯಂತೆ. ಈಗ ಜೋಡಿ ಕಟ್ಟುವುದು ಮೈ ನೋಡಿ. ಕಣಕ್ಕಿಳಿಯುವ ಮುಂಚೆ ಯಾರ ಹೆಸರನ್ನೂ ಬರೆಯುವುದಿಲ್ಲ, ಕೂಗುವುದೂ ಇಲ್ಲ. ಕುಸ್ತಿ ಮುಗಿದು ಇಬ್ಬರೂ ತಮ್ಮ ಕಾಲಿನಲ್ಲಿ ತಾವೇ ನಡೆದು ಬಂದಮೇಲೆ, ಗೆದ್ದವನದೂ ಸೋತವನದೂ ಹೆಸರನ್ನು ಕಣದ ಮಣ್ಣಿನಲ್ಲಿ ಬೆರಳಿನಿಂದ ದುಂಡಗೆ, ಸಣ್ಣಗೆ ಬರೆಯುತ್ತಾರೆ. ಬರೆದವರೇ ಅಂಗೈಯಿಂದ ಒರೆಸಿ ಮನೆಗೆ ಹೋಗುತ್ತಾರೆ.